ಬಾನೆಟ್ ಕೆಳಗಿನ ಬಿಡಾರ

ಆರನೇ ತರಗತಿಯ ಪುಟಾಣಿಯೊಬ್ಬಳು ಅಂಚೆ ಕಾರ್ಡಿನಲ್ಲಿ ಒಂದು ಪ್ರಶ್ನೆ ಕಳಿಸಿದ್ದಾಳೆ: ‘ಅಜ್ಜಾ, ನಮ್ಮ ಕಾರಿನ ವೈರನ್ನು ಇಲಿ ಕಡಿದುಹಾಕಿದೆ. ಅಪ್ಪ ದಿನಾ ಬೈಯುತ್ತಿದ್ದಾರೆ. ವೈರಿನಲ್ಲಿ ಅದಕ್ಕೆ ಅಂಥಾ ರುಚಿ ಏನಿದೆ?’ ಒಳ್ಳೆಯ ಪ್ರಶ್ನೆ. ದೊಡ್ಡವರು ಮೆಕ್ಯಾನಿಕ್ ಎಷ್ಟು ಕೇಳಿದ ಎಂದು ವಿಚಾರಿಸುತ್ತಾರೆಯೇ ಹೊರತು ಇಲಿಯ ಕಷ್ಟವೇನು ಎಂದು ಯಾರೂ ವಿಚಾರಿಸುವುದಿಲ್ಲ.

ರುಚಿಯ ಮಾತಲ್ಲ ಪುಟ್ಟಿ, ಹಲ್ಲಿನ ಮಾತು. ನಮ್ಮ ಹಲ್ಲು ಒಂದು ಅಳತೆಗೆ ಬೆಳೆದು ನಿಲ್ಲುತ್ತದೆ. ಇಲಿಯ ಮುಂದಿನ ನಾಲ್ಕು ಬಾಚಿಹಲ್ಲುಗಳು, ಮೇಲೆರಡು ಕೆಳಗೆರಡು, ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಸವೆಯದಿದ್ದರೆ ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು ಉದ್ದವಾಗುವಷ್ಟು ವೇಗ. ಹಾಗೇ ಬಿಟ್ಟರೆ ಬಾಯಿ ಮುಚ್ಚಲಾಗದೆ ಅದು ಉಪವಾಸ ಬೀಳುತ್ತದೆ. ಅದಕ್ಕೇ ಏನಾದರೂ ಕಡಿಯುತ್ತಿರಲೇಬೇಕು. ಹಲ್ಲಿನ ಮುಂಬದಿಗೆ ಮಾತ್ರ ಗಟ್ಟಿ ಎನಾಮಲ್, ಹಿಂಬದಿ ಮೆದು. ಮೆದುವಾದದ್ದು ಬೇಗ ಸವೆಯುವುದರಿಂದ ತುದಿ ಬಡಗಿಯ ಉಳಿಯ ಹಾಗೆ ತಾನಾಗಿ ಹರಿತವಾಗುತ್ತದೆ. ಆ ಎನಾಮಲ್‌ನಲ್ಲಿ ಕಬ್ಬಿಣದ ಅಂಶ ಬೇರೆ ಇದೆ. ಇಲಿಯ ಹಲ್ಲು ಕಿತ್ತಳೆ ಬಣ್ಣಕ್ಕಿರುವುದು ಅದರಿಂದಲೇ. ತಾಮ್ರಕ್ಕಿಂತ ಗಟ್ಟಿಯಾದ ಹಲ್ಲಿಗೆ ವೈರಿನ ಮೇಲಿನ ಪ್ಲಾಸ್ಟಿಕ್ ಯಾವ ಲೆಕ್ಕ?

ಈಗಿನ ಕಾರುಗಳ ವೈರಿನ ಹೊದಿಕೆಗೆ ಸೋಯಾ ಅಂಶ ಸೇರಿಸುತ್ತಾರೆ, ಆ ವಾಸನೆಗೇ ಇಲಿ ಬರುತ್ತದೆ ಎನ್ನುವವರಿದ್ದಾರೆ. ಅಮೆರಿಕದಲ್ಲಿ 2016ರಲ್ಲಿ ಕಾರಿನ ಮಾಲೀಕರು ಟೊಯೋಟ ಕಂಪನಿಯ ಮೇಲೆ ಇದೇ ವಾದ ಹಿಡಿದು ಕೋರ್ಟಿಗೂ ಹೋದರು. ನನಗೆ ಈ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಸೋಯಾ ಎಂಬ ಹೆಸರನ್ನೇ ನಮ್ಮೂರು ಕೇಳದಿದ್ದ ಕಾಲದಲ್ಲಿ ಇಲಿ ನಮ್ಮ ಮನೆಯ ಕರೆಂಟ್ ವೈರು, ಬಟ್ಟೆ ಸೋಪು, ಪಂಚಾಂಗ ಎಲ್ಲವನ್ನೂ ಕಡಿದಿದೆ. ಬ್ಯಾಂಕಿನ ಹಳೆಯ ಲೆಡ್ಜರುಗಳ ಬೆನ್ನನ್ನೂ ಬಿಟ್ಟಿರಲಿಲ್ಲ.

ಹಾಗಾದರೆ ಕಾರಿಗೇ ಯಾಕೆ ಬರಬೇಕು? ಅದು ಬರುವುದು ಊಟಕ್ಕಲ್ಲ, ವಾಸಕ್ಕೆ. ಬಾನೆಟ್ ಕೆಳಗೆ ಕತ್ತಲೆ, ಬೆಚ್ಚಗಿನ ಇಂಜಿನ್, ಮೇಲೆ ತಗಡಿನ ಸೂರು. ಬೆಕ್ಕು ನುಗ್ಗಲಾಗದ ಸಂದಿಗಳು. ಪೆನ್ಸಿಲ್ ತೂರುವಷ್ಟು ಜಾಗ ಸಿಕ್ಕರೆ ಚುಂಡಿಲಿಗೆ ಅದೇ ಹೆಬ್ಬಾಗಿಲು. ಕಾರು ವಾರಗಟ್ಟಲೆ ಕದಲದಿದ್ದರೆ ಇನ್ನೂ ಅನುಕೂಲ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ನಿಂತ ಕಾರುಗಳು ಆಮೇಲೆ ಎಷ್ಟೋ ಕಡೆ ಸ್ಟಾರ್ಟ್ ಆಗಲಿಲ್ಲ. ಬಾನೆಟ್ ಎತ್ತಿದರೆ ಗೂಡು.

ನಮ್ಮ ದೇವಲಾಪುರದ ಕಡೆ ಇದಕ್ಕೊಂದು ಕಾಲವೂ ಉಂಟು. ರಾಗಿ ಕುಯ್ಲು ಮುಗಿದು ಮೆದೆ ಬಿದ್ದ ಮೇಲೆ ಹೊಲದಲ್ಲಿ ಇಲಿಗೆ ಮರೆಯೂ ಇಲ್ಲ, ಕಾಳೂ ಇಲ್ಲ. ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಕಬ್ಬು ಕಡಿದಾಗಲೂ ಹೀಗೆಯೇ, ಗದ್ದೆಯ ಇಲಿ ಹೆಗ್ಗಣಗಳು ಮನೆಗಳ ಕಡೆ ಗುಳೆ ಹೊರಡುತ್ತವೆ. (ಹೆಗ್ಗಣಕ್ಕೆ ಇಂಗ್ಲಿಷಿನಲ್ಲಿ ಬ್ಯಾಂಡಿಕೂಟ್ ಎನ್ನುತ್ತಾರಲ್ಲ, ಅದು ಇಂಗ್ಲಿಷ್ ಮಾತೇ ಅಲ್ಲ ಮಕ್ಕಳೇ, ತೆಲುಗಿನ ‘ಪಂದಿಕೊಕ್ಕು’. ಅಂದರೆ ಹಂದಿ ಇಲಿ.) ನಾವೋ ರಾಗಿಯನ್ನೂ ಹುರುಳಿಯನ್ನೂ ಟಾರು ರಸ್ತೆಯ ಮೇಲೆ ಹರಡಿ ಬರುವ ಹೋಗುವ ಗಾಡಿಗಳಿಂದಲೇ ಒಕ್ಕಣೆ ಮಾಡಿಸುತ್ತೇವೆ. ಆ ಹುಲ್ಲು, ಹುರುಳಿ ಹೊಟ್ಟು ಕಾರಿನ ಅಡಿಗೆ ಸುತ್ತಿಕೊಂಡು ಬರುತ್ತದೆ. ಇಲಿಗೆ ಹಾಸಿಗೆಯನ್ನೂ ನಾವೇ ತಂದುಕೊಟ್ಟ ಹಾಗಾಯಿತು. ಅಷ್ಟೇ ಅಲ್ಲ, ಬಿಸಿ ಸೈಲೆನ್ಸರ್‌ಗೆ ತಗುಲಿದರೆ ಬೆಂಕಿಯೂ ಹೊತ್ತಿಕೊಳ್ಳುತ್ತದೆ. ಕಣ ದಾಟಿದ ಮೇಲೆ ಕಾರು ನಿಲ್ಲಿಸಿ ಅಡಿ ನೋಡಿಕೊಳ್ಳುವುದು ಒಳ್ಳೆಯದು.

ಒಂದು ಜೋಡಿ ಇಲಿ ಎಂದು ಅಸಡ್ಡೆ ಮಾಡಬೇಡಿ. ಬ್ಯಾಂಕಿನವನು ಹೇಳುತ್ತಿದ್ದೇನೆ, ಚಕ್ರಬಡ್ಡಿ ಅಂದರೆ ಏನೆಂದು ತಿಳಿಯಬೇಕಾದರೆ ಇಲಿಯನ್ನು ನೋಡಿ. ಬಸಿರು ಮೂರೇ ವಾರ. ಒಂದು ಸೂಲಿಗೆ ಆರೇಳು ಮರಿ. ಮೂರು ತಿಂಗಳಾಗುವಷ್ಟರಲ್ಲಿ ಮರಿಯೂ ತಾಯಿ. ಅಸಲು ಎರಡು, ವರ್ಷದ ಕೊನೆಗೆ ಬಡ್ಡಿ ಎಷ್ಟು? ಲೆಕ್ಕ ಹಾಕುವುದು ನಿಮ್ಮ ಕೆಲಸ.

ಇದರಲ್ಲಿ ನಗುವ ಮಾತು ಎಷ್ಟಿದೆಯೋ ಭಯದ ಮಾತೂ ಅಷ್ಟೇ ಇದೆ. ನಮ್ಮ ಬೀದಿಯಲ್ಲಿ ವಯಸ್ಸಾದವರೊಬ್ಬರಿಗೆ ನಡುರಾತ್ರಿ ಎದೆನೋವು ಬಂತು. ಮಗ ಬೆಂಗಳೂರಿನಲ್ಲಿ, ಅಪ್ಪ ಅಮ್ಮನ ಆಪತ್ಕಾಲಕ್ಕಿರಲಿ ಎಂದೇ ಅಂಗಳದಲ್ಲಿ ಕಾರು ಬಿಟ್ಟುಹೋಗಿದ್ದ. ಪಕ್ಕದ ಮನೆಯ ಹುಡುಗ ಓಡಿಬಂದು ಕೀ ತಿರುಗಿಸಿದರೆ ಕಾರು ಮಿಸುಕಲಿಲ್ಲ. 108ಕ್ಕೆ ಫೋನ್ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ಆ ತಾಯಿ ಬಾಗಿಲಲ್ಲೇ ನಿಂತಿದ್ದರು. ಅವರು ಉಳಿದರು, ಈಗ ಸಂಜೆ ವಾಕಿಂಗ್ ಬರುತ್ತಾರೆ. ಬೆಳಿಗ್ಗೆ ಮೆಕ್ಯಾನಿಕ್ ಬಂದು ತೋರಿಸಿದ್ದು ಒಂದು ಗೇಣು ಉದ್ದದ ಕಡಿದ ವೈರು, ಅದರ ಪಕ್ಕದಲ್ಲಿ ತೆಂಗಿನ ನಾರಿನ ಮೆತ್ತನೆ ಗೂಡು.

ವೈರು ಕಡಿದರೆ ಕಾರು ನಿಲ್ಲುತ್ತದೆ, ಅಷ್ಟೇ ತಾನೇ ಎನ್ನಬೇಡಿ. ತೊಗಲು ಕಿತ್ತ ಎರಡು ವೈರು ತಾಗಿದರೆ ಕಿಡಿ ಏಳುತ್ತದೆ. ಪೆಟ್ರೋಲಿನ ರಬ್ಬರ್ ಪೈಪನ್ನೂ ಇಲಿ ಬಿಡುವುದಿಲ್ಲ. ಕಾರಿನ ಹತ್ತಿರ ಪೆಟ್ರೋಲ್ ವಾಸನೆ ಬಂದರೆ ಕೀ ತಿರುಗಿಸಲೇಬೇಡಿ, ಮೆಕ್ಯಾನಿಕ್‌ನನ್ನು ಕರೆಯಿರಿ.

ಇದು ನಮ್ಮೂರಿನ ಗೋಳು ಮಾತ್ರವಲ್ಲ. ಕ್ಯಾಲಿಫೋರ್ನಿಯಾದ ಸೆಕ್ವೋಯಾ ರಾಷ್ಟ್ರೀಯ ಉದ್ಯಾನದಲ್ಲಿ ಮಿನರಲ್ ಕಿಂಗ್ ಎಂಬ ಕಣಿವೆಯಿದೆ. ಅಲ್ಲಿ ಅಳಿಲಿನ ದಾಯಾದಿಯಾದ ಮಾರ್ಮಟ್ ಎಂಬ ದಡೂತಿ ಪ್ರಾಣಿ ಕಾರಿನ ಪೈಪು, ವೈರು ಕಡಿಯುತ್ತದೆ. ಅದಕ್ಕೆ ಪ್ರವಾಸಿಗರು ಟಾರ್ಪಾಲಿನ ಮೇಲೆ ಕಾರು ಹತ್ತಿಸಿ, ನಾಲ್ಕೂ ಕಡೆಯಿಂದ ಎತ್ತಿ, ಕಡುಬಿಗೆ ಎಲೆ ಸುತ್ತಿದ ಹಾಗೆ ಸುತ್ತಿ ಕಟ್ಟಿಹೋಗುತ್ತಾರೆ! ಜರ್ಮನಿಯಲ್ಲಿ ಈ ಕೆಲಸ ಮಾಡುವುದು ಮುಂಗುಸಿಯಂತೆ ಕಾಣುವ ಮಾರ್ಟೆನ್. ಅದಕ್ಕೆ ತಂತಿಜಾಲರಿ ತುಳಿಯುವುದೆಂದರೆ ಆಗದು ಎಂದು ಕಾರಿನ ಅಡಿಗೆ ಜಾಲರಿ ಹಾಸುತ್ತಾರೆ.

ಎರಡು ಕಡೆಯವರೂ ಮಾಡಿದ್ದು ದಾರಿ ಕಟ್ಟುವ ಕೆಲಸ. ನಮ್ಮ ಹಿರಿಯರೂ ಅದನ್ನೇ ಮಾಡಿದರು. ರಾಗಿಯನ್ನು ಹಗೇವಿನಲ್ಲಿ ತುಂಬಿ ಬಾಯಿಗೆ ಕಲ್ಲು ಮುಚ್ಚಿದರು. ತೆಂಗಿನ ಮರಕ್ಕೆ ಆಳೆತ್ತರದಲ್ಲಿ ನುಣುಪು ತಗಡು ಸುತ್ತಿದ್ದನ್ನು ನೀವೂ ನೋಡಿರುತ್ತೀರಿ. ಇಲಿಯ ಉಗುರು ಅಲ್ಲಿ ಜಾರುತ್ತದೆ. ಕಾರಿನ ಅಡಿಭಾಗ ಬಟಾಬಯಲು, ಪೂರ್ತಿ ಮುಚ್ಚಲಾಗದು. ಆದ್ದರಿಂದ ಇಲಿಗೆ ಅಲ್ಲಿ ನೆಮ್ಮದಿ ಇಲ್ಲದ ಹಾಗೆ ಮಾಡಬೇಕು. ಎರಡು ದಿನಕ್ಕೊಮ್ಮೆಯಾದರೂ ಕಾರನ್ನು ಊರಾಚೆಗೆ ಒಂದು ಸುತ್ತು ಓಡಿಸಿ. ನಿಂತಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಲದು, ಅದು ಇಲಿಗೆ ಒಲೆ ಹಚ್ಚಿಕೊಟ್ಟ ಹಾಗೆ. ಬಾಗಿಲು ಹಾಕುವ ಶೆಡ್ ಇದ್ದರೆ ರಾತ್ರಿ ಬಾನೆಟ್ ಎತ್ತಿಟ್ಟು ಒಂದು ಸಣ್ಣ ಎಲ್ಇಡಿ ದೀಪ ಉರಿಸಿ. ಬೆಳಕೂ ಚಳಿಯೂ ಇರುವ ಕಡೆ ಅದು ಸಂಸಾರ ಹೂಡುವುದಿಲ್ಲ. ಕಾರು ನಿಲ್ಲಿಸುವ ಶೆಡ್ಡಿನಲ್ಲೇ ರಾಗಿ ಮೂಟೆ, ಕೊಬ್ಬರಿ, ತೆಂಗಿನ ಮಟ್ಟೆ ಪೇರಿಸಿದ್ದರೆ ಉಳಿದ ಉಪಾಯವೆಲ್ಲ ವ್ಯರ್ಥ. ಮಕ್ಕಳೇ, ಸೀಟಿನ ಸಂದಿಗೆ ಬಿದ್ದ ಕಡಲೆಕಾಯಿ, ಬಿಸ್ಕತ್ತಿನ ಚೂರು ನಿಮ್ಮ ಜವಾಬ್ದಾರಿ. ಕಾರಿನ ಒಳಕ್ಕೆ ಇಲಿ ಬರುವುದು ಹೆಚ್ಚಾಗಿ ಎಸಿಯ ಗಾಳಿ ಎಳೆಯುವ ಕಿಂಡಿಯಿಂದ. ಮೆಕ್ಯಾನಿಕ್ ಕೈಲಿ ಅಲ್ಲಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಬಹುದು.

ವಾರಕ್ಕೆರಡು ಸಲ ಅಜ್ಜ ಮೊಮ್ಮಕ್ಕಳು ಸೇರಿ ಬಾನೆಟ್ ತಪಾಸಣೆ ಮಾಡಿ. ಇಂಜಿನ್ ಆರಿ ತಣ್ಣಗಾಗಿರಲಿ, ಕೀ ಅಜ್ಜನ ಜೇಬಿನಲ್ಲಿರಲಿ. ಟಾರ್ಚ್ ಹಿಡಿದು ನೋಡಿ: ಜೀರಿಗೆಯಂಥ ಹಿಕ್ಕೆ, ನಾರು, ಕಾಗದದ ಚೂರು, ಉಚ್ಚೆಯ ವಾಸನೆ. ಕೈ ಹಾಕಬೇಡಿ. ಇಲಿ ಇದ್ದಲ್ಲಿಗೆ ಅದನ್ನು ಹುಡುಕಿಕೊಂಡು ಹಾವೂ ಬರುತ್ತದೆ. ಗೂಡು ತೆಗೆಯುವುದು ದೊಡ್ಡವರ ಕೆಲಸ. ಇಲಿ ಜ್ವರ ಹರಡುವುದು ಅದರ ಉಚ್ಚೆಯಿಂದ, ಹಾಗಾಗಿ ಕೈಗವಸು, ಮುಖಗವಸು ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಪೊರಕೆಯಿಂದ ಧೂಳೆಬ್ಬಿಸಬಾರದು.

ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದ ಹೊಗೆಸೊಪ್ಪು ತಂದು ಬಾನೆಟ್ಟಿನೊಳಗೆ ಕಟ್ಟುವವರಿದ್ದಾರೆ. ಘಾಟು ಇರುವ ತನಕ ಸ್ವಲ್ಪ ಉಪಯೋಗ, ಆಮೇಲೆ ಅದು ಬರೀ ಒಣ ಎಲೆ. ಬಿಸಿ ಭಾಗಕ್ಕೆ ತಾಗುವಂತಂತೂ ಇಡಬಾರದು. ನುಸಿಗುಳಿಗೆಯ ಆವಿ ಎಸಿ ಮೂಲಕ ಕೂಸಿನ ಮೂಗಿಗೇ ಬರುತ್ತದೆ, ನನಗೆ ಬೇಡ. ಹೋಂಡಾ ಕಂಪನಿಯವರು ಮೆಣಸಿನಕಾಯಿಯ ಖಾರದ ಅಂಶ ಸೇರಿಸಿದ ಟೇಪನ್ನೇ ಮಾರುತ್ತಾರೆ, ವೈರಿಗೆ ಸುತ್ತಲು. ಇದು ಬುದ್ಧಿವಂತಿಕೆಯ ಕೆಲಸ. ನಮಗೆ ಕೇಳದ ಸದ್ದು ಹೊರಡಿಸಿ ಇಲಿ ಓಡಿಸುತ್ತೇವೆ ಎನ್ನುವ ಯಂತ್ರಗಳ ವಿಷಯದಲ್ಲಿ ಹುಷಾರು. 2001ರಲ್ಲೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಯಂತ್ರ ಮಾಡುವ, ಮಾರುವ 60ಕ್ಕೂ ಹೆಚ್ಚು ಕಂಪನಿಗಳಿಗೆ, ನಿಮ್ಮ ಜಾಹೀರಾತಿಗೆ ಆಧಾರವಿರಲಿ ಎಂದು ಎಚ್ಚರಿಕೆ ಪತ್ರ ಬರೆದಿತ್ತು. ಇಲಿಗೆ ಸದ್ದು ಕೇಳುವುದು ನಿಜ. ಕೆಲವು ದಿನಕ್ಕೆ ಅಭ್ಯಾಸವಾಗುವುದೂ ನಿಜ.

ವಿಷವೊಂದನ್ನು ಮಾತ್ರ ಕಾರಿನ ಹತ್ತಿರ ತರಬೇಡಿ. ಅಂಗಡಿಯಲ್ಲಿ ಸಿಗುವ ಕೆಲವು ಇಲಿ ಪೇಸ್ಟ್‌ಗಳಲ್ಲಿರುವುದು ಹಳದಿ ರಂಜಕ. ಅದಕ್ಕೆ ನೇರವಾದ ಮದ್ದೇ ಇಲ್ಲ. ತಿಂದ ಮಗು ಒಂದೆರಡು ದಿನ ಚೆನ್ನಾಗಿದ್ದ ಹಾಗೆ ಕಂಡು ಆಮೇಲೆ ಲಿವರ್ ಕೆಡುತ್ತದೆ. ಮನೆಯಲ್ಲಿ ಕೂಸು, ನಾಯಿ, ಬೆಕ್ಕು ಇರುವವರು ಇದನ್ನು ಮನೆಯೊಳಗೇ ಬಿಟ್ಟುಕೊಳ್ಳಬಾರದು ಎನ್ನುತ್ತೇನೆ ನಾನು. ವಿಷ ತಿಂದ ಇಲಿಯನ್ನು ನುಂಗಿ ಸಾಯುವುದು ನಮ್ಮ ಹೊಲ ಕಾಯುವ ಕಣಜ ಗೂಬೆ. ಬೋನೇ ವಾಸಿ. ಆದರೆ ಇಲಿಗೆ ಹೊಸ ವಸ್ತುವಿನ ಮೇಲೆ ಅನುಮಾನ ಜಾಸ್ತಿ. ಎರಡು ಮೂರು ರಾತ್ರಿ ಬೋನು ಹೂಡದೆ, ಸುಟ್ಟ ಕೊಬ್ಬರಿ ಚೂರು ಹಾಕಿ ಸುಮ್ಮನಿಡಿ. ತಿಂದು ರೂಢಿಯಾದ ಮೇಲೆ ಹೂಡಿ.

ಕೊನೆಗೆ ಅಜ್ಜಂದಿರಿಗೊಂದು ಕಾಗದಪತ್ರದ ವಿಷಯ. ಬರೀ ಥರ್ಡ್ ಪಾರ್ಟಿ ವಿಮೆಯಿದ್ದರೆ ಇಲಿ ಕಡಿದದ್ದಕ್ಕೆ ಒಂದು ರೂಪಾಯಿಯೂ ಬರುವುದಿಲ್ಲ. ಪೂರ್ಣ ವಿಮೆಯಿದ್ದರೂ ಪಾಲಿಸಿಯಿಂದ ಪಾಲಿಸಿಗೆ ನಿಯಮ ಬೇರೆ. ಕನ್ನಡಕ ಹಾಕಿಕೊಂಡು ಸಣ್ಣಕ್ಷರ ಓದಿ, ನವೀಕರಣಕ್ಕೆ ಮುಂಚೆ ಏಜೆಂಟರಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ವೈರು ಕಡಿದಿದ್ದು ಕಂಡರೆ ಮೊದಲು ಫೋಟೋ ತೆಗೆಯಿರಿ, ವಿಮಾ ಕಂಪನಿಗೆ ತಿಳಿಸಿ, ಆಮೇಲೆ ರಿಪೇರಿಗೆ ಕೈಹಾಕಿ. ಹೊಸ ವೈರು ಹಾಕಿಸಿಬಿಟ್ಟ ಮೇಲೆ ಸರ್ವೇಯರ್ ಬಂದರೆ ಅವರಿಗೆ ನೋಡಲು ಏನೂ ಉಳಿದಿರುವುದಿಲ್ಲ.