‘ಫೇಲ್’ ಎಂದರೆ ಸಾಲದು
ಕೋಪರಖೈರಣೆಯ ನಮ್ಮ ಮನೆಗಳಿಂದ ಮಹಾಪೆಯ ಕಚೇರಿಗಳಿಗೆ ಹೋಗುವ ತರುಣ ತರುಣಿಯರಲ್ಲಿ ಕೆಲವರು ಯಂತ್ರದೊಡನೆ ನೇರವಾಗಿ ಮಾತನಾಡುವ ತಂತ್ರಾಂಶ ಬರೆಯುತ್ತಾರೆ. ಅವರಿಗೆ ನಮ್ಮದೊಂದು ಮಾತು. ತುಣುಕು ತುಣುಕಾಗಿ ಪರೀಕ್ಷಿಸುವ ಯೂನಿಟ್ ಟೆಸ್ಟು ಬರಿದೇ ‘ಫೇಲ್’ ಎಂದರೆ, ವಿಷಯದ ಹೆಸರಿಲ್ಲದ ಅಂಕಪಟ್ಟಿ ಮನೆಗೆ ಬಂದಂತಾಯಿತು. ಬೇಕಾದದ್ದು 200, ಬಂದದ್ದು 72 ಎಂದರೆ ವಾಸಿ. ಆದರೂ ಕಾರಣ ಹೊಳೆಯದು. ಅವನ್ನೇ 11001000, 01001000 ಎಂದು ಒಂದರ ಕೆಳಗೊಂದು ತೋರಿಸಲಿ: ಎಡತುದಿಯ ಬಿಟ್ ಒಂದೇ ಕಳೆದಿದೆ! ಎಂಟು ಬಿಟ್ ಸಾಗಬೇಕಾದ ಸೀರಿಯಲ್ ತಂತಿಯನ್ನು ಏಳಕ್ಕೆ ಹೊಂದಿಸಿರಬೇಕೆಂದು ಬಲ್ಲವರು ಕೂಡಲೇ ಊಹಿಸಿಯಾರು. ಸಿ ಭಾಷೆಯವರು ಬಳಸುವ ‘ಯೂನಿಟಿ’ ಎಂಬ ಪರೀಕ್ಷಾ ಸಾಧನದಲ್ಲಿ ಬಿಟ್‌ಗಳನ್ನು ಹೋಲಿಸುವ ಏರ್ಪಾಡು ಸಿದ್ಧವಾಗಿಯೇ ಇದೆ. ಬಳಸಲು ಸೋಮಾರಿತನವೇಕೋ ತಿಳಿಯದು. ಬರೆದವನು ಕೆಲಸ ಬಿಟ್ಟು ಹೋದ ಮೇಲೆ ಆ ಸಾಲನ್ನು ಓದುವವಳು ಹೊಸದಾಗಿ ಸೇರಿದ ಹುಡುಗಿ; ಅವಳಿಗೆ ಕೊನೆಯ ಲೋಕಲ್ ತಪ್ಪದಿರಲಿ.