ಯಾವ ಯಮನೂರಪ್ಪ?

ನವಲಗುಂದ ತಾಲೂಕಿನ ಯಮನೂರಿನಲ್ಲಿ ಜಾತ್ರೆಯ ದಿನ ಬೆಣ್ಣಿಹಳ್ಳದ ದಂಡೆಯ ಮೇಲೆ ನಿಂತು ಯಾರಾದರೂ “ಏ ಯಮನೂರಪ್ಪಾ!” ಎಂದು ಕೂಗಿದರೆ ಹತ್ತು ಮಂದಿಯಾದರೂ ಹೊರಳಿ ನೋಡುವುದು ಖಂಡಿತ. ಇಲ್ಲಿಯ ಸಂತನೊಬ್ಬನೇ, ಚಾಂಗದೇವನೆಂದು ನಡೆದುಕೊಳ್ಳುವವರೂ ಉಂಟು, ರಾಜಾಬಾಗಸವಾರನೆಂದು ನಡೆದುಕೊಳ್ಳುವವರೂ ಉಂಟು. ಹರಕೆಯ ಮಕ್ಕಳು ಮಾತ್ರ ಸುತ್ತಲಿನ ಊರುಗಳಲ್ಲೆಲ್ಲ ಯಮನೂರಪ್ಪ, ಯಮನೂರಸಾಬ. ಒಬ್ಬನಿಗೆ ಎರಡು ಹೆಸರಾದರೆ ಭಕ್ತಿಗೇನೂ ಕೊರತೆಯಿಲ್ಲ; ಒಂದೇ ಹೆಸರಿಗೆ ಹತ್ತು ಜನರಾದರೆ ವ್ಯವಹಾರ ತೊಡಕಿಗೆ ಬೀಳುತ್ತದೆ. ಆಗ ಕೈಹಿಡಿಯುವುದು ಧಾರವಾಡ ಸೀಮೆಯ ಅಡ್ಡಹೆಸರು: ಊರಿನಿಂದ ಒಂದು, ಉದ್ಯೋಗದಿಂದ ಇನ್ನೊಂದು.

ಈ ಜಾಣ್ಮೆ ಇಂದು ಗಣಕಯಂತ್ರಗಳ ಲೋಕಕ್ಕೂ ಬೇಕಾಗಿದೆ. ಹಳೆಯ ವಾಡೆಯನ್ನು ಕೋಣೆಗಳಾಗಿ ಬೇರ್ಪಡಿಸಿ ಬಾಡಿಗೆಗೆ ಕೊಟ್ಟಂತೆ, ದೊಡ್ಡ ಗಣಕವೊಂದನ್ನು ತಂತ್ರಾಂಶದ ಗೋಡೆಗಳಿಂದ ಭಾಗಿಸುತ್ತಾರೆ. ಒಂದೊಂದು ಭಾಗವೂ ತಾನೇ ಪೂರ್ಣ ಗಣಕವೆಂಬಂತೆ ದುಡಿಯುತ್ತದೆ. ಇದೇ ವರ್ಚುವಲ್ ಮಷಿನ್. ಇಂಥವನ್ನು ದೂರದಿಂದಲೇ ಬಾಡಿಗೆಗೆ ಪಡೆಯುವ ಏರ್ಪಾಡೇ ಕ್ಲೌಡ್. ಯಂತ್ರ ಕಣ್ಣಿಗೆ ಕಾಣದು, ಕೈಗೆ ಸಿಕ್ಕದು. ನಿರ್ವಾಹಕನಿಗೆ ಅದರ ಗುರುತೆಂದರೆ ಪರದೆಯ ಮೇಲಿನ ಹೆಸರೊಂದೇ.

ಗುರುತು ತಪ್ಪಿದ್ದೂ ಉಂಟು. ೨೦೧೭ರ ಜನವರಿ ೩೧ರ ರಾತ್ರಿ ಗಿಟ್‌ಲ್ಯಾಬ್ ಸಂಸ್ಥೆಯ ತಂತ್ರಜ್ಞನೊಬ್ಬ ‘ಡಿಬಿ೨’ ಎಂಬ ಯಂತ್ರದಲ್ಲಿ ಅಳಿಸಬೇಕಾದುದನ್ನು ‘ಡಿಬಿ೧’ರಲ್ಲಿ ಅಳಿಸತೊಡಗಿದ. ಒಂದೆರಡು ಕ್ಷಣಗಳಲ್ಲಿ ತಪ್ಪು ಹೊಳೆದು ಕೈ ತಡೆದನಾದರೂ, ಸುಮಾರು ೩೦೦ ಗಿಗಾಬೈಟ್ ಸಂಗ್ರಹದಲ್ಲಿ ಉಳಿದದ್ದು ೪.೫ ಗಿಗಾಬೈಟ್ ಮಾತ್ರ. ಕಾಪಿಟ್ಟಿದ್ದ ಹಳೆಯ ನಕಲೊಂದು ಮಾನ ಕಾಯಿತು. ಆದರೆ ಸುಮಾರು ಆರು ಗಂಟೆಗಳ ಮಾಹಿತಿ ಮರಳಲಿಲ್ಲ. ಮುಖ್ಯ ಯಂತ್ರಕ್ಕೂ ಅದರ ಜೊತೆಯದಕ್ಕೂ ಹೆಸರಿನಲ್ಲಿದ್ದ ಭೇದ ಒಂದೇ ಅಂಕಿ!

ಹಾಗಾದರೆ ಒಳ್ಳೆಯ ಹೆಸರು ಯಾವುದು? ಯಂತ್ರದ ಕೆಲಸವೇನು, ಅದು ನಿತ್ಯ ವ್ಯವಹಾರದ್ದೋ ಪರೀಕ್ಷೆಯದೋ, ಇರುವುದೆಲ್ಲಿ—ಈ ಮೂರನ್ನೂ ಹೇಳುವಂಥದು. ಕೊನೆಗೊಂದು ಅನುಕ್ರಮಸಂಖ್ಯೆ: ‘ಪಗಾರ-ನಿತ್ಯ-ಮುಂಬಯಿ-೦೧’. ‘೧’ ಎನ್ನದೆ ‘೦೧’ ಎಂದೇಕೆ? ಇಲ್ಲವಾದರೆ ಅಕಾರಾದಿ ಪಟ್ಟಿಯಲ್ಲಿ ಹತ್ತನೆಯದು ಎರಡನೆಯದಕ್ಕಿಂತ ಮುಂದೆ ಬಂದು ಕೂಡುತ್ತದೆ. ಹೆಸರು ಉದ್ದವಾಗಲೂ ಬಾರದು. ವಿಂಡೋಸ್ ಗಣಕಗಳಿಗೆ ಹದಿನೈದಕ್ಷರದ ಕಟ್ಟಿದೆ. ಆದುದರಿಂದ ಸಂಕ್ಷೇಪಗಳು ಬೇಕು, ಅವುಗಳ ಅರ್ಥದ ಪಟ್ಟಿಯೂ ಎಲ್ಲರ ಕೈಯಲ್ಲಿರಬೇಕು.

ಬದಲಾಗುವಂಥದು ಹೆಸರಿನಲ್ಲಿರಬಾರದು. ನವಲಗುಂದ ತಾಲೂಕಿನಲ್ಲಿದ್ದ ಅಣ್ಣಿಗೇರಿ ಈಗ ತಾನೇ ಒಂದು ತಾಲೂಕು. ಕಚೇರಿಗಳಲ್ಲಿಯೂ ವಿಭಾಗಗಳು ಹೀಗೆಯೇ ಒಡೆಯುತ್ತವೆ, ಕೂಡುತ್ತವೆ. ಅಝೂರ್ ಕ್ಲೌಡ್‌ನಲ್ಲಂತೂ ಯಂತ್ರಕ್ಕೆ ಒಮ್ಮೆ ಇಟ್ಟ ಹೆಸರನ್ನು ತಿದ್ದಲಾಗದು. ಹೊಣೆ ಯಾರದು, ಖರ್ಚು ಯಾವ ಖಾತೆಗೆ, ಎಂದಿನವರೆಗೆ ಬೇಕು ಎಂಬಿವನ್ನು ಟ್ಯಾಗ್ ಎನ್ನುವ ಚೀಟಿಗಳಲ್ಲಿ ಬರೆದು ಅಂಟಿಸುವುದು ಲೇಸು. ಅಮೆಜಾನ್‌ನಲ್ಲಿ ಒಂದೊಂದು ಯಂತ್ರಕ್ಕೆ ಇಂಥ ೫೦ ಚೀಟಿಗಳಿಗೆ ಎಡೆಯುಂಟು. ಚೀಟಿಯಿಲ್ಲದ ಯಂತ್ರವನ್ನು ಅಳಿಸಲು ಎಲ್ಲರಿಗೂ ಭಯ. ಬೀಗ ಹಾಕಿದ ಮನೆಗೆ ತಿಂಗಳು ತಿಂಗಳೂ ಬಾಡಿಗೆ ತೆತ್ತಂತೆ ಹಣ ಸೋರುತ್ತಲೇ ಇರುತ್ತದೆ.

ಹೆಸರು ಇಟ್ಟವನಿಗೆ ತಿಳಿದರೆ ಸಾಲದು. ಆತ ರಜೆಯ ಮೇಲಿರುವಾಗ ನಡುರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದುಬರುವ ಮತ್ತೊಬ್ಬನಿಗೆ ತಿಳಿಯಬೇಕು. “ಯಾವ ಯಮನೂರಪ್ಪ?” ಎಂದು ಕೇಳೋಣವೆಂದರೆ ಆ ಹೊತ್ತಿನಲ್ಲಿ ಪಕ್ಕದಲ್ಲಿ ಯಾರೂ ಇರುವುದಿಲ್ಲ.