ಶಾಂತಿಯ ಪಾಠ ಕನ್ನಂಬಾಡಿಗೆ ತಲುಪಲಿ

ನಮ್ಮ ವಿಶ್ವವಿದ್ಯಾನಿಲಯಗಳ ಪಠ್ಯಕ್ರಮದಲ್ಲಿ ಶಾಂತಿ, ಮಾನವ ಹಕ್ಕುಗಳು ಸೇರಿ ವರ್ಷಗಳೇ ಆದವು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಗಾಂಧಿ ಭವನವೂ ಇದೆ. ಆದರೆ ಅಲ್ಲಿಂದ ಸುಮಾರು 20 ಕಿ.ಮೀ. ದೂರದ ಕನ್ನಂಬಾಡಿ ಕಟ್ಟೆಯ ನೀರಿನ ಜಗಳದಲ್ಲಿ ಈ ಪಾಠ ಎಷ್ಟು ಉಪಯೋಗಕ್ಕೆ ಬಂದಿದೆ?

1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡುವಂತೆ ಮಧ್ಯಂತರ ಆದೇಶ ನೀಡಿತು. ಡಿಸೆಂಬರ್‌ನಲ್ಲಿ ಬೆಂಗಳೂರು, ಮೈಸೂರು ಕಡೆ ಗಲಭೆಯೆದ್ದಾಗ ಪೆಟ್ಟು ತಿಂದವರು ಅಣೆಕಟ್ಟಿನ ಕೀಲಿ ಹಿಡಿದವರಲ್ಲ. ಇಲ್ಲೇ ದುಡಿದು ಬದುಕುತ್ತಿದ್ದ ತಮಿಳು ಭಾಷಿಕ ಬಡವರು. ಸಾವಿರಾರು ಮಂದಿ ಊರು ಬಿಟ್ಟರು.

2003ರಲ್ಲಿ ಚೆನ್ನೈನ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಆಸರೆಯಲ್ಲಿ ಎರಡೂ ರಾಜ್ಯಗಳ ರೈತರು ಒಟ್ಟಿಗೆ ಕುಳಿತರು. 'ಕಾವೇರಿ ಕುಟುಂಬ' ಹುಟ್ಟಿತು. ಪರಸ್ಪರರ ಗದ್ದೆಗಳನ್ನು ನೋಡಿ ಬಂದರು. ವಿವಾದ ಬಗೆಹರಿಯಲಿಲ್ಲ, ನಿಜ. ಆದರೂ ವಿದ್ವಾಂಸರು ಜನರ ಬಳಿಗೆ ಹೋಗುವುದೆಂದರೆ ಇದೇ ಎಂದು ನಮ್ಮ ಅನಿಸಿಕೆ.

2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲು 284.75 ಟಿಎಂಸಿ, ತಮಿಳುನಾಡಿಗೆ ಬಿಡಬೇಕಾದ್ದು 177.25 ಎಂದಿತು. ಮಳೆ ಕೈಕೊಟ್ಟ ವರ್ಷ ಸಂಕಟ ಹಂಚಿಕೊಳ್ಳುವುದು ಹೇಗೆಂಬ ಜಗಳ ಮಾತ್ರ ಉಳಿಯಿತು. 2023ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಂದ್. (ನೇತ್ರಾವತಿ ತಿರುವಿನ ಮಾತೆದ್ದಾಗ ಕರಾವಳಿಯ ನಾವೂ ಕಡಿಮೆ ಕೂಗಿಲ್ಲವೆನ್ನಿ.)

ಕಟ್ಟೆ ಬರಿದಾದ ಮೇಲೆ ಈ ಲೆಕ್ಕ ಕೇಳುವ ತಾಳ್ಮೆ ಯಾರಿಗೂ ಇರದು. ಆದ್ದರಿಂದ ಮೈಸೂರಿನ ವಿದ್ಯಾರ್ಥಿಗಳು ಮಳೆ ಚೆನ್ನಾಗಿರುವ ವರ್ಷದಲ್ಲೇ ಶ್ರೀರಂಗಪಟ್ಟಣ, ತಿ. ನರಸೀಪುರದ ರೈತರೊಂದಿಗೆ ಕುಳಿತುಕೊಳ್ಳಲಿ. ತಂಜಾವೂರಿನ ಕಾಲೇಜುಗಳವರನ್ನೂ ಕರೆಯಲಿ.